ದೇವೀರತ್ತೆ ಮತ್ತು ಒಂದು ಬ್ರೇಕ್ ಡ್ರಮ್ಮು

ಆ ಶನಿವಾರವೂ ನನ್ನನ್ನು ಎಬ್ಬಿಸಿದ್ದು ದೇವೀರತ್ತೆಯ ಎಕ್ಕಡದ ಸದ್ದೇ. ಅವರು ತೀರಿಹೋದ ಗಂಡನ ಎಕ್ಕಡ ಮೆಟ್ಟುತ್ತಿದ್ದರು. ಹಾರನಹಳ್ಳಿಯಲ್ಲಿ ಹೊಲಿಸಿದ ಗಂಡಸರ ಎಕ್ಕಡ, ಹಿಮ್ಮಡಿಗೆ ಲಾಳ ಬಡಿದದ್ದು. ಅತ್ತೆಯ ಪಾದದ ಹಿಂದೆ ಇನ್ನೂ ಎರಡು ಬೆರಳಿನಷ್ಟು ತೊಗಲು ಖಾಲಿ ಉಳಿಯುತ್ತಿತ್ತು. ಹಾಗಾಗಿ ಅವರು ನಡೆದರೆ ಮೊದಲು ಟಪ್ ಎಂಬ ಸದ್ದು, ಅದರ ಬೆನ್ನಿಗೇ ಸರ್ ಎಂದು ಎಳೆದ ಸದ್ದು. ಸಿಟ್ಟು ಬಂದಿದ್ದರೆ ಆ ಸರ್ ಇರುತ್ತಿರಲಿಲ್ಲ, ಬರೀ ಟಪ್ ಟಪ್. ಆ ದಿನ ಬರೀ ಟಪ್ ಟಪ್.

ಎದ್ದು ಬಂದು ನೋಡಿದರೆ ದಿನದ ಕೆಲಸ ದಿನದಂತೆಯೇ ನಡೆದಿತ್ತು. ಅತ್ತೆ ಒದ್ದೆ ಬಟ್ಟೆಯಿಂದ ಮನೆ ಮುಂದೆ ನಿಂತ ಲಾರಿಯ ಗಾಜು ಒರೆಸುತ್ತಿದ್ದರು. ಬಾಗಿಲಿಗೆ ನೀರು ಹಾಕುವ ಮುಂಚೆ ಲಾರಿಯ ಮುಖ ತೊಳೆಯಬೇಕು, ಅದು ಅವರ ನೇಮ. ಲಾರಿಯ ಚಕ್ರಕ್ಕೂ ನಮ್ಮ ಮೆಟ್ಟಿಲಿಗೂ ನಡುವೆ ಉಳಿದ ಒಂದೂವರೆ ಮೊಳ ಜಾಗದಲ್ಲಿ ನಾನು ಐದು ಚುಕ್ಕಿಯ ರಂಗೋಲಿ ಹಾಕಿದೆ. ಒಲೆ ಹಚ್ಚಿ ಕಾಫಿಗೆ ನೀರಿಟ್ಟೆ. ಅವಲಕ್ಕಿಗೆ ಒಗ್ಗರಣೆ ಕೊಟ್ಟು, ಬಾಳೆಲೆಯಲ್ಲಿ ಕಟ್ಟಿ, ಮೇಲೆ ಒಂದು ಬಟ್ಟೆ ಸುತ್ತಿದೆ. ನಮ್ಮ ಯಜಮಾನರು ಕಿಟಕಿಗೆ ಕನ್ನಡಿ ಒರಗಿಸಿ ಗಡ್ಡ ಕೆರೆದುಕೊಳ್ಳುತ್ತಿದ್ದರು. ಅವರು ಅರಸೀಕೆರೆಯಲ್ಲೇ ಒಂದು ಆಫೀಸಿನಲ್ಲಿ ಗುಮಾಸ್ತರು. ಅತ್ತೆ ಅವರಿಗೆ ಸೋದರತ್ತೆ, ಅಂದರೆ ನನ್ನ ಮಾವನವರ ತಂಗಿ. ಮನೆಯಲ್ಲಿದ್ದವರು ನಾವು ಮೂವರೇ.

"ಹೋಗಿ ಬನ್ನಿ ಅತ್ತೆ. ಇವಳನ್ನೂ ಕರ್ಕೊಂಡು ಹೋಗಿ," ಎಂದರು ಯಜಮಾನರು ಕನ್ನಡಿಯೊಳಗಿನಿಂದಲೇ. "ಹಾಗೇ ಬೇಲೂರು ದೇವಸ್ಥಾನ ತೋರಿಸಿಬಿಡಿ. ಇವಳು ನೋಡಿಲ್ಲ."

ಮದುವೆಯಾಗಿ ಮೂರು ವರ್ಷದಲ್ಲಿ ಅವರು ತಾವಾಗಿ ನನ್ನನ್ನು ಎಲ್ಲಿಗೂ ಕಳಿಸಿದ್ದಿಲ್ಲ. ನನಗೆ ಖುಷಿಯಾಯಿತು. ಎಷ್ಟು ಖುಷಿಯೆಂದರೆ, ಪೆಟ್ಟಿಗೆ ತೆಗೆದು ಮಾವಿನಕಾಯಿ ಅಂಚಿನ ಹಸಿರು ಸೀರೆ ಉಟ್ಟೆ. ಆ ಖುಷಿ ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಆ ಲಾರಿಯ ಸಂಗತಿ ಹೇಳದೆ ಅತ್ತೆಯ ಸಂಗತಿ ಹೇಳುವುದು ಆಗದ ಮಾತು. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಲಾರಿ ಅದು. ಅತ್ತೆಯ ಗಂಡ ತೆಂಗಿನ ತೋಟದ ಗಳಿಕೆಯಲ್ಲಿ ಕೊಂಡು, ಮಿಲಿಟರಿ ಹಸಿರಿನ ಮೇಲೆ ನೀಲಿ ಬಣ್ಣ ಹೊಡೆಸಿ, ತಿಪಟೂರಿಗೆ ಕೊಬ್ಬರಿ ಸಾಗಿಸುತ್ತಿದ್ದರು. ಅವರು ಹೋದ ಮೇಲೆ ಲಾರಿ ನಿಲ್ಲುತ್ತದೆ ಎಂದು ಎಲ್ಲರೂ ಅಂದುಕೊಂಡರು. ತಿಂಗಳು ಕಳೆಯುವುದರೊಳಗೆ ಡ್ರೈವರ್ ಪಕ್ಕದ ಸೀಟಿನಲ್ಲಿ ಅತ್ತೆ ಕೂತಿದ್ದರು, ಕಾಲಲ್ಲಿ ಗಂಡನ ಎಕ್ಕಡ. ಊರಿನವರು ಆಡಿದ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಅತ್ತೆ ಅದಕ್ಕೆ ಕೊಟ್ಟ ಉತ್ತರವನ್ನಂತೂ ಬರೆಯಲಿಕ್ಕೇ ಆಗುವುದಿಲ್ಲ.

ಅವರ ಬಾಯಿ ಅಂಥದ್ದು. ಗಂಡಸರು ಗಂಡಸರಿಗೆ ಅನ್ನುವ ಹಾಗೆ "ಏನ್ಲಾ" ಅನ್ನುತ್ತಿದ್ದರು. ಬಿಸಿಲಿನ ಮೇಲೆ ಸಿಟ್ಟು, ಮಂಡಿಯ ದಲ್ಲಾಳಿಗಳ ಮೇಲೆ ಸಿಟ್ಟು, ಗಟ್ಟಿಯಾಗದ ಮೊಸರಿನ ಮೇಲೆ ಸಿಟ್ಟು. ನಾನು ಕಾನ್ವೆಂಟಿನಲ್ಲಿ ಓದಿದವಳು. ದನಿ ಏರಿಸುವ ಹುಡುಗಿಯನ್ನು ಸಿಸ್ಟರುಗಳು ಗೋಡೆಗೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದರು. ಬಂದ ಹೊಸದರಲ್ಲಿ ಅತ್ತೆಯ ದನಿ ಕೇಳಿದರೆ ನಾನು ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಮದುವೆಯಾದ ಎರಡನೆಯ ವಾರವಿರಬೇಕು. ನಾನು ಹಿತ್ತಲಿನಲ್ಲಿ ಹಳೆಯ ಇಂಗ್ಲಿಷ್ ಪೇಪರಿನ ತುಂಡೊಂದನ್ನು ಓದುತ್ತ ನಿಂತಿದ್ದೆ. ಹಿಂದಿನಿಂದ ಟಪ್ ಸರ್, ಟಪ್ ಸರ್.

"ಇಂಗ್ಲೀಸು ಬತ್ತದೇನೇ ನಿಂಗೆ?"

"ಬರುತ್ತೆ ಅತ್ತೆ."

"ಅದ್ನ ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ? ಬಾ ಇಲ್ಲಿ, ಕಾನ್ವೆಂಟು."

ಕೈ ಹಿಡಿದು ಎಳೆದುಕೊಂಡು ಹೋಗಿ ಲಾರಿಯ ಮುಂದೆ ನಿಲ್ಲಿಸಿದರು. ಸೀಟಿನ ಕೆಳಗಿಂದ ಜಿಡ್ಡು ಹತ್ತಿದ ಒಂದು ದಪ್ಪ ಪುಸ್ತಕ ತೆಗೆದರು. ಲಾರಿಯ ಜೊತೆಗೇ ಬಂದಿದ್ದ ಪುಸ್ತಕ ಅದು. ಯಾವ ಭಾಗ ಎಲ್ಲಿ ಕೂರುತ್ತದೆ, ಅದರ ಮೇಲೆ ಯಾವ ನಂಬರು ಅಚ್ಚಾಗಿರುತ್ತದೆ, ಎಲ್ಲವೂ ಚಿತ್ರ ಸಮೇತ ಅದರಲ್ಲಿತ್ತು. ಹನ್ನೆರಡು ವರ್ಷ ಅದನ್ನು ಆ ಮನೆಯಲ್ಲಿ ಯಾರೂ ಓದಿರಲಿಲ್ಲ. ಅಂದಿನಿಂದ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಬಾನೆಟ್ಟು ಎತ್ತಿ "ಇದೇ ತಾನೆ?" ಎಂದು ಮುಟ್ಟಿ ತೋರಿಸುವುದು ಶುರುವಾಯಿತು. ಆ ಊರಿನಲ್ಲಿ ನನ್ನ ಓದಿಗೊಂದು ಕೆಲಸ ಕೊಟ್ಟವರು ಅವರೊಬ್ಬರೇ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಕೊನೆಯವರೆಗೂ ಕಾನ್ವೆಂಟು. ಕೊನೆಯವರೆಗೂ ಅಂದೆನಲ್ಲ, ಅದು ತಪ್ಪು. ಆ ಶನಿವಾರದವರೆಗೆ.

ಅದಕ್ಕೆ ಮೂರು ತಿಂಗಳ ಮುಂಚೆ ಹಾರನಹಳ್ಳಿ ಕೆರೆ ಏರಿಯ ಮೇಲೆ ಲಾರಿಯ ಎಡಗಡೆಯ ಮುಂದಿನ ಬ್ರೇಕ್ ಡ್ರಮ್ಮು ಒಡೆದಿತ್ತು. ಡ್ರಮ್ಮು ಅಂದರೆ ಚಕ್ರದ ಒಳಗೆ ಕೂರುವ ಎರಕದ ಕಬ್ಬಿಣದ ಅಗಲ ಬಟ್ಟಲು. ಬ್ರೇಕು ಒತ್ತಿದಾಗ ಒಳಗಿನ ಪಟ್ಟಿಗಳು ಹೋಗಿ ಕಚ್ಚುವುದು ಅದನ್ನೇ. ಅಂಥ ಲಾರಿಗಳು ಬರುವುದು ನಿಂತು ಎಷ್ಟೋ ವರ್ಷವಾಗಿತ್ತು, ಡ್ರಮ್ಮು ಎಲ್ಲೂ ಸಿಗಲಿಲ್ಲ. ಡ್ರೈವರ್ ಬೇರೆ ಕೆಲಸ ಹುಡುಕಿಕೊಂಡು ಹೋದ. ಆ ಶನಿವಾರಕ್ಕೆ ನಾಲ್ಕು ದಿನ ಮುಂಚೆ ಬಂದವನು ನಂಜಪ್ಪ, ಅತ್ತೆಯ ಮೈದುನ. ವಯಸ್ಸಿನಲ್ಲಿ ನನಗೆ ತುಂಬಾ ಹಿರಿಯ, ಬಹುವಚನ ಹಾಕಬೇಕು. ಹಾಕುವುದಿಲ್ಲ.

ಲಾರಿಯ ಕಾಗದಪತ್ರವೆಲ್ಲ ಇದ್ದದ್ದು ನಂಜಪ್ಪನ ಹೆಸರಿನಲ್ಲಿ. ಅಣ್ಣ ತೀರಿಕೊಂಡಾಗ "ಹೆಂಗಸು ಆಫೀಸು ಅಲೆಯೋದು ಚೆಂದ ಕಾಣಲ್ಲ" ಎಂದು ಹೇಳಿ ತನ್ನ ಹೆಸರಿಗೆ ಬರೆಸಿಕೊಂಡಿದ್ದ. ಈಗ ನಮ್ಮ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತು, "ಅತ್ತಿಗೆಮ್ಮ, ಅದು ಲಾರಿ ಅಲ್ಲ, ಗುಜರಿ," ಎಂದ.

"ಗುಜರಿ ನಿನ್ನ ನಾಲಿಗೆ ಕಣ್ಲಾ."

"ಆಯ್ತು, ಹಂಗೇ ಇಟ್ಕಳವ. ಬರೋ ಸೋಮವಾರ ಹಾಸನದಲ್ಲಿ ಬ್ರೇಕ್ ಇನ್‌ಸ್ಪೆಕ್ಟರು ಗಾಡಿ ನೋಡ್ತಾನೆ. ಅವತ್ತು ಪಾಸಾದ್ರೆ ಲಾರಿ ನಿಂದೇ, ನಾನು ಬಾಯಿ ತೆಗಿಯಲ್ಲ. ಆಗ್ಲಿಲ್ವಾ, ಮಂಗಳವಾರ ಗುಜರಿಯವನು ಬತ್ತಾನೆ."

ಅತ್ತೆ ಒಳಗೆ ಹೋಗಿ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ತಂದು ಅವನ ಮುಂದೆ ಹಿಡಿದರು. ಅವನು ಎರಡು ಎಲೆ ತೆಗೆದುಕೊಂಡು ಸುಣ್ಣ ಸವರಿ, ಮಡಿಸಿ ಬಾಯಿಗಿಟ್ಟುಕೊಂಡ. ಆ ಕಡೆ ಜನಕ್ಕೆ ಅಷ್ಟಾದರೆ ಮುಗಿಯಿತು. ಎಲೆ ಅಗಿದು ನುಂಗಿದ ಮಾತಿಗೆ ಕಾಗದ ಬೇಡ. "ಒಂದು ಬರಹ ಮಾಡಿಸಿಕೊಳ್ಳೋಣ ಅತ್ತೆ, ನಾನು ಬರೀತೀನಿ," ಎಂದು ನಾನು ಮೆಲ್ಲಗೆ ಹೇಳಿದ್ದಕ್ಕೆ ಬೈಸಿಕೊಂಡೆ. "ಎಲೆ ತಗಂಡವ್ನ ಕೈಲಿ ಕಾಗದ ಕೇಳಿದ್ರೆ ಅವ್ನ ಮುಖಕ್ಕೆ ಉಗುಳಿದಂಗೆ ಕಣೇ. ಏನು ಓದಿದ್ಯೋ ಕಾಣೆ."

ಹಾಗಾಗಿ ಆ ಶನಿವಾರದ ಮೊದಲ ಬಸ್ಸು. ಸೋಮವಾರಕ್ಕೆ ಎರಡೇ ದಿನ. ಭಾನುವಾರ ಡ್ರಮ್ಮು ಕೂರಿಸಿಕೊಡಲು ಒಬ್ಬ ಮೇಸ್ತ್ರಿ ಒಪ್ಪಿದ್ದ. ಬೇಲೂರಿನ ಹಳೇ ಸಾಮಾನಿನ ಅಂಗಡಿಯೊಂದಕ್ಕೆ ಮಿಲಿಟರಿ ಲಾರಿಯ ಸಾಮಾನು ಬಂದಿದೆ ಎಂದು ಯಾರೋ ಹೇಳಿದ್ದರು. ಅತ್ತೆಯ ಸೊಂಟದಲ್ಲಿ ಬೀಗದಕೈ ಗೊಂಚಲು, ನನ್ನ ಮಡಿಲಲ್ಲಿ ಜಿಡ್ಡಿನ ಪುಸ್ತಕ ಮತ್ತು ಬುತ್ತಿ. ಬೇಲೂರಿನಲ್ಲಿ ಇಳಿದಾಗ ಗೋಪುರ ಕಂಡಿತು. ನಾನು ಆ ಕಡೆ ಕತ್ತು ತಿರುಗಿಸಿದ್ದು ನೋಡಿ ಅತ್ತೆ, "ಕಲ್ಲು ಎಲ್ಲಿಗೂ ಹೋಗಲ್ಲ ನಡಿ, ಕಬ್ಬಿಣ ಹೋಗ್ತದೆ," ಎಂದರು.

ಅಂಗಡಿಯವನು ನಮ್ಮನ್ನು ಮೇಲಿನಿಂದ ಕೆಳಗೆ ನೋಡಿ, ಎಕ್ಕಡದ ಮೇಲೆ ಸ್ವಲ್ಪ ಹೊತ್ತು ಕಣ್ಣು ನಿಲ್ಲಿಸಿ, "ಗಂಡಸರು ಯಾರೂ ಬಂದಿಲ್ವಾ?" ಎಂದ.

"ಯಾಕೆ, ನಿನ್ನ ಅಂಗಡೀಲಿ ಅವನ್ನೂ ತೂಕಕ್ಕೆ ಹಾಕ್ತೀಯಾ? ನಂಗೆ ಬೇಡ. ಡ್ರಮ್ಮು ತೋರ್ಸು."

ಟೀ ಕುಡಿಯುತ್ತಿದ್ದ ಇಬ್ಬರು ನಕ್ಕರು. ಅವನ ಮುಖ ಕಪ್ಪಿಟ್ಟಿತು. ಒಳಗಿನಿಂದ ಒಂದು ಡ್ರಮ್ಮು ಉರುಳಿಸಿಕೊಂಡು ಬಂದ. ಫಳಫಳ ಹೊಳೆಯುವ ಕರಿ ಬಣ್ಣ. ನಂಬರು ನೋಡಿದೆ, ಪುಸ್ತಕದ ನಂಬರಿಗೆ ಸರಿಹೋಯಿತು. ನನಗಂತೂ ಕೆಲಸವಾಯಿತು ಅನ್ನಿಸಿತು.

ಅತ್ತೆ ಕುಕ್ಕುರುಗಾಲಿನಲ್ಲಿ ಕೂತು, ಸೊಂಟದ ಗೊಂಚಲಿನಿಂದ ಉದ್ದನೆಯ ಬೀಗದಕೈ ಬಿಡಿಸಿ ಡ್ರಮ್ಮಿನ ಅಂಚಿಗೆ ಒಂದೊಂದೇ ಕಡೆ ತಟ್ಟುತ್ತ ಹೋದರು. ಅರಸೀಕೆರೆ ಸೀಮೆಯ ಹೆಂಗಸರು ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಒಡೆಯದೆಯೇ ಹೇಳುತ್ತಾರೆ. ಅತ್ತೆ ಕಬ್ಬಿಣಕ್ಕೂ ಅದೇ ಕಿವಿ ಕೊಡುತ್ತಿದ್ದರು. ಟಣ್, ಟಣ್, ಟಣ್, ಆಮೇಲೆ ಥಪ್.

"ಒಡಕು ಬಿಟ್ಟೈತೆ."

"ಹೊಸಾ ಮಾಲಮ್ಮ ಅದು! ತಟ್ಟಿ ನೋಡೋಕೆ ಇದೇನು ಕೊಬ್ಬರೀನಾ?" ಎಂದು ಅವನು ಟೀ ಕುಡಿಯುವವರ ಕಡೆ ನೋಡಿ ನಕ್ಕ.

"ಕಾನ್ವೆಂಟು, ಒರೆಸು ಅಲ್ಲಿ."

ಅಲ್ಲೇ ಇದ್ದ ಸೀಮೆಎಣ್ಣೆ ಡಬ್ಬಿಗೆ ನನ್ನ ಕರ್ಚೀಫು ಅದ್ದಿ, ಥಪ್ ಎಂದ ಕಡೆ ಉಜ್ಜಿದೆ. ಅಂಚಿನಲ್ಲಿ ನನ್ನ ಕೈಯಿಂದಲೇ ಕಸೂತಿ ಹಾಕಿದ ಕರ್ಚೀಫು ಅದು. ಕರಿ ಬಣ್ಣ ಎದ್ದು ಬಂತು. ಕೆಳಗೆ ತಲೆಗೂದಲಿನಷ್ಟು ಸಣ್ಣ ಗೆರೆ, ಅಂಚಿನಿಂದ ಬೋಲ್ಟಿನ ತೂತಿನವರೆಗೆ. ಗೆರೆಯೊಳಗೆ ಮೇಣ ತುಂಬಿ ಅದರ ಮೇಲೆ ಬಣ್ಣ ಬಳಿದಿದ್ದ.

"ಅಷ್ಟಕ್ಕೆಲ್ಲ ಏನೂ ಆಗಲ್ಲ ಬಿಡಿ," ಎಂದ.

ಅತ್ತೆ ಎದ್ದರು. ಆ ಮುಖ ನಾನು ಅದುವರೆಗೆ ನೋಡಿರಲಿಲ್ಲ. "ಏನೂ ಆಗಲ್ಲ. ಘಾಟಿ ಇಳಿಯುವಾಗ ಇದು ಒಡ್ದು ಲಾರಿ ಮೇಲಿನ ಕೂಲಿಯೋರು ಹಳ್ಳಕ್ಕೆ ಬಿದ್ರೆ ನಿಂಗೇನೂ ಆಗಲ್ಲ. ನೀನು ಇಲ್ಲೇ ಬಣ್ಣ ಬಳೀತಾ ಕೂತಿರ್ತೀಯ." ಬಗ್ಗಿ ಎರಡೂ ಕೈಯಲ್ಲಿ ಡ್ರಮ್ಮು ಎತ್ತಿದರು. ಐವತ್ತು ದಾಟಿದ ಹೆಂಗಸು ಅದನ್ನು ಎದೆಯ ಮಟ್ಟಕ್ಕೆ ಹೇಗೆ ಎತ್ತಿದರೋ! ಅಂಗಡಿಯ ಮುಂದಿನ ಚಪ್ಪಡಿಯ ಮೇಲೆ ಧಡ್ ಎಂದು ಎತ್ತಿಹಾಕಿದರು. ಡ್ರಮ್ಮು ಎರಡು ಹೋಳಾಗಿ ಒಂದು ಹೋಳು ಚರಂಡಿಯವರೆಗೆ ಉರುಳಿತು.

"ಏಯ್! ಇದಕ್ಕೆ ಯಾರು ಕೊಡ್ತಾರೆ?"

"ಒಡೆದಿದ್ದನ್ನ ಒಡೆದ್ರೆ ಯಾರೂ ಕೊಡಲ್ಲ. ಇನ್ನೊಬ್ಬರಿಗೆ ಮಾರದಂಗೆ ಮಾಡಿದ್ದಕ್ಕೆ ನೀನೇ ಕೈ ಮುಗಿ."

ಜನ ಸೇರಿದರು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತ್ತು ಎಂದು ಬರೆದರೆ ನನ್ನ ಸಿಸ್ಟರುಗಳಿಗೆ ಸಮಾಧಾನವಾದೀತು. ನಿಜ ಹೇಳಿದರೆ, ಇನ್ನೊಂದು ಹೋಳನ್ನು ನಾನೇ ಎತ್ತಿ ಹಾಕಬೇಕು ಅನ್ನಿಸಿತ್ತು. ಎದುರುಗಡೆ ಪಂಕ್ಚರ್ ಹಾಕುತ್ತಿದ್ದ ಮುದುಕ ಕೈ ಒರೆಸಿಕೊಳ್ಳುತ್ತ ಬಂದು, "ತಾಯಿ, ಹಳೇಬೀಡಲ್ಲಿ ಒಬ್ರು ಗೌಡ್ರು ಇಂಥದ್ದೇ ಲಾರಿ ತಂದಿದ್ರು. ಬಿಚ್ಚಿ ಹಾಕವ್ರೆ ಅಂತ ಕೇಳಿದ್ದೆ," ಎಂದ.

ಹಳೇಬೀಡಿನಲ್ಲಿ ಗೌಡರ ಹಿತ್ತಲಿಗೆ ಹೋದರೆ ಲಾರಿಯ ಬರೀ ಅಸ್ಥಿಪಂಜರವಿತ್ತು, ಅದರ ಮೇಲೆ ಹೀರೇಬಳ್ಳಿ ಹಬ್ಬಿತ್ತು. "ಚಕ್ರದ ಕಡೆ ಸಾಮಾನೆಲ್ಲ ಯಾರ್‍ಯಾರೋ ಕೇಳಿ ತಗಂಡೋದ್ರು ಕಣವ್ವ," ಎಂದು ಗೌಡರ ಹೆಂಡತಿ ಒಂದು ಚೊಂಬು ನೀರು ಕೊಟ್ಟರು. ಹೊರಗೆ ಬಂದು ಒಂದು ಹೊಂಗೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆ. ಅತ್ತೆ ಯಾರನ್ನೂ ಬೈಯುತ್ತಿರಲಿಲ್ಲ. ಕೂತು ಎಡಗಾಲಿನ ಎಕ್ಕಡದ ಹೆಬ್ಬೆರಳಿನ ಉಂಗುಷ್ಠ ತಿರುಗಿಸುತ್ತಿದ್ದರು. ಒಂದು ತುತ್ತು ಬಾಯಿಗೆ ಹೋಗಿರಬೇಕು, ಬಸ್ತಿಹಳ್ಳಿಯ ದಿಕ್ಕಿನಿಂದ ಶಾಲೆ ಬಿಡುವ ಗಂಟೆ ಕೇಳಿಸಿತು. ಶನಿವಾರ, ಬೆಳಗಿನ ಶಾಲೆ.

ಅತ್ತೆಯ ಕೈ ಬಾಯಿಯ ಹತ್ತಿರವೇ ನಿಂತಿತು. ಇನ್ನೊಮ್ಮೆ ಬಾರಿಸಿತು. ಉದ್ದನೆಯ, ತುಂಬಿದ ದನಿ.

"ಅದು ಗಂಟೆ ಅಲ್ಲ ಕಣೇ," ಎಂದರು. "ಡ್ರಮ್ಮು."

ಬುತ್ತಿ ಅಲ್ಲೇ ಬಿಟ್ಟು ನಡೆದೆವು. ಆ ಎಕ್ಕಡದ ಹಿಂದೆ ಓಡಿದ್ದು ನಾನು. ಬಸದಿಗಳಿಗೆ ಸ್ವಲ್ಪ ಈಚೆ ಒಂದು ಸಣ್ಣ ಹೆಂಚಿನ ಶಾಲೆ. ಮಕ್ಕಳು ಆಗಲೇ ಹೊರಟುಹೋಗಿದ್ದರು, ಮೇಷ್ಟ್ರು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಬೇವಿನ ಕೊಂಬೆಗೆ ಗಾಡಿಯ ಸರಪಣಿಯಲ್ಲಿ ಡ್ರಮ್ಮು ತೂಗಾಡುತ್ತಿತ್ತು, ಮೈಗೆಲ್ಲ ಸುಣ್ಣ ಬಳಿದಿತ್ತು. ಅತ್ತೆ ಬೀಗದಕೈಯಿಂದ ಸುತ್ತಲೂ ತಟ್ಟಿದರು. ಎಲ್ಲ ಕಡೆಯೂ ಟಣ್. ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ, ನೋಡಿದ್ದಕ್ಕೆ ಬೈಸಿಕೊಂಡೆ. "ನನ್ನ ಮುಖದಾಗೆ ನಂಬರು ಬರೆದಿಲ್ಲ, ಅಲ್ಲಿ ಓದು." ತಲೆಯಿಂದ ಪಿನ್ನು ತೆಗೆದು ಸುಣ್ಣ ಕೆರೆದೆ. ಒಂದೊಂದೇ ಅಂಕಿ ಎದ್ದು ಬಂತು. ಪುಸ್ತಕದ ನಂಬರೇ.

ಮೇಷ್ಟ್ರು ಸಣಕಲು ಮನುಷ್ಯ, ಕಂಕುಳಲ್ಲಿ ಕೊಡೆ. ಎಲ್ಲ ಕೇಳಿಸಿಕೊಂಡು, "ನೀವು ಹೇಳೋದು ಅರ್ಥ ಆಯ್ತಮ್ಮ. ಆದರೆ ಇದು ಸರ್ಕಾರದ ಗಂಟೆ," ಎಂದರು. "ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗ ಮರದಲ್ಲಿ ಗಂಟೆ ಕಾಣದಿದ್ರೆ ನಾನೇನು ಹೇಳಲಿ?"

"ಈಯಪ್ಪಂಗೂ ಒಬ್ಬ ಇನ್‌ಸ್ಪೆಕ್ಟರು!" ಎಂದರು ಅತ್ತೆ ನನ್ನ ಕಡೆ ತಿರುಗಿ. "ಮೇಷ್ಟ್ರೇ, ಬಡಿದ್ರೆ ಸದ್ದು ಬರೋ ಕಬ್ಬಿಣ ಒಂದು ಅಲ್ಲಿ ನೇತಾಡ್ತಿದ್ರೆ ನಿಮ್ಮ ಸಾಹೇಬ್ರಿಗೆ ಸಾಕು ತಾನೆ?"

ಅಲ್ಲೇ ಕಮ್ಮಾರನ ಕುಲುಮೆಗೆ ಹೋಗಿ ಸವೆದು ಬಿಸಾಕಿದ ನೇಗಿಲ ಗುಳ ಒಂದನ್ನು ಕೇಳಿ ತಂದರು. ಮೇಷ್ಟ್ರು ಅದಕ್ಕೆ ಕೋಲಿನಿಂದ ಒಂದು ಏಟು ಕೊಟ್ಟು ನೋಡಿದರು. ಟಿಂಗ್ ಎಂದಿತು.

"ದನಿ ಸಣ್ಣದು," ಎಂದರು ಮೇಷ್ಟ್ರು ಸಪ್ಪಗೆ.

"ಸಣ್ಣ ಮಕ್ಕಳಿಗೆ ಸಣ್ಣ ದನಿ ಸಾಕು. ಮನೆಗೆ ಹೋಗೋ ಗಂಟೆ ಯಾವ ಮಗೂಗೆ ಕೇಳ್ಸಲ್ಲ?"

ಮೇಷ್ಟ್ರು ನಕ್ಕುಬಿಟ್ಟರು. ತಾವೇ ಕಲ್ಲಿನ ಮೇಲೆ ಹತ್ತಿ ಸರಪಣಿ ಬಿಚ್ಚಿಕೊಟ್ಟರು. ನಾವು ಕಾಂಪೌಂಡು ದಾಟುವಾಗ ಹಿಂದಿನಿಂದ ಕೂಗಿ, "ಸೋಮವಾರ ಲಾರಿ ಪಾಸಾದ್ರೆ ಒಂದು ಕಾರ್ಡು ಬರೆದು ಹಾಕಿ ತಾಯಿ. ಮಕ್ಕಳಿಗೆ ಓದಿ ಹೇಳ್ತೀನಿ," ಎಂದರು. ಆ ಕಾರ್ಡು ನಾನು ಇವತ್ತಿಗೂ ಬರೆದಿಲ್ಲ.

ಡ್ರಮ್ಮಿನ ನಡುವಿನ ತೂತಿಗೆ ಬಿದಿರು ಗಳ ತೂರಿಸಿ, ಮುಂದೆ ಅತ್ತೆ ಹಿಂದೆ ನಾನು ಹೆಗಲು ಕೊಟ್ಟು ಬಸ್ ನಿಲ್ಲುವಲ್ಲಿಗೆ ಹೊತ್ತು ತಂದೆವು. ಹಸಿರು ಸೀರೆಯ ಹೆಗಲಿನ ಕಡೆ ಹರಿಯಿತು. ಕಂಡಕ್ಟರು ಕಬ್ಬಿಣ ಒಳಗೆ ಬಿಡುವುದಿಲ್ಲ ಎಂದ. ಅತ್ತೆ ಅದನ್ನು ಸೀಟುಗಳ ನಡುವೆ ಬೋರಲು ಹಾಕಿ ಅದರ ಮೇಲೆ ಕೂತು, "ಇದು ಸಾಮಾನಲ್ಲ ಕಣಪ್ಪ, ನಾನು ಕೂರೋ ಮಣೆ. ಎಬ್ಬಿಸು ನೋಡವ," ಎಂದರು. ಅವನು ಎಬ್ಬಿಸಲಿಲ್ಲ.

ದಾರಿಯುದ್ದಕ್ಕೂ ಅತ್ತೆ ಮಾತಾಡಿದರು. ಅಷ್ಟು ಹೊತ್ತು ಸಿಟ್ಟಿಲ್ಲದೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ದಿನ. ನಾಳೆ ಬೆಳಿಗ್ಗೆ ಆರಕ್ಕೇ ಮೇಸ್ತ್ರಿಯನ್ನು ಎಬ್ಬಿಸಬೇಕು, ಹಳೇ ಡ್ರೈವರಿಗೂ ಹೇಳಿ ಕಳಿಸಬೇಕು. ಸೋಮವಾರ ಹಾಸನ. ಬುಧವಾರಕ್ಕೆ ಮೊದಲ ಲೋಡು. "ನಿನ್ನನ್ನೂ ಮುಂದುಗಡೆ ಸೀಟಲ್ಲಿ ಕೂರಿಸ್ಕಂಡು ಹ್ವಾಯ್ತೀನಿ ಕಣೇ ಕಾನ್ವೆಂಟು. ರಸ್ತೆ ಹೆಂಗೆ ನಮ್ಮ ಕಡೆಗೇ ಓಡಿ ಬತ್ತದೆ ನೋಡ್ಬೇಕು ನೀನು."

ಐದು ಗಂಟೆಯ ಹೊತ್ತಿಗೆ ನಮ್ಮ ಬೀದಿಯ ತಿರುವಿಗೆ ಬಂದೆವು. ಗಳದ ಮುಂದಿನ ತುದಿ ನಿಂತಿತು. ನಾನು ಬಗ್ಗಿ ನಡೆಯುತ್ತಿದ್ದವಳು ತಲೆಯೆತ್ತಿದೆ.

ಮನೆಯ ಮುಂದೆ ಲಾರಿ ಇರಲಿಲ್ಲ. ಎಣ್ಣೆ ಕುಡಿದ ಕಪ್ಪು ನೆಲ, ಚಕ್ರಕ್ಕೆ ಕೊಟ್ಟಿದ್ದ ನಾಲ್ಕು ಕಲ್ಲು, ಎಳೆದುಕೊಂಡು ಹೋದ ಎರಡು ಸಾಲು ಗುರುತು. ಜಗಲಿಯ ಮೇಲೆ ಯಜಮಾನರು ಪೇಪರು ಹಿಡಿದು ಕೂತಿದ್ದರು.

"ಬಂದ್ರಾ?" ಎಂದರು. "ನಂಜಪ್ಪನವರು ಬಂದಿದ್ರು. ಗುಜರಿಯವನು ಇವತ್ತೇ ಸಿಕ್ಕಿದ ಅಂತ..."

"ಇವತ್ತು ಶನಿವಾರ ಕಣೋ," ಎಂದರು ಅತ್ತೆ. ಗಳ ಇನ್ನೂ ಹೆಗಲ ಮೇಲಿತ್ತು. "ಅವ್ನು ಸೋಮವಾರ ಅಂದಿದ್ದ. ನನ್ನ ಕೈಯಿಂದ ಎಲೆ ತಗಂಡಿದ್ದ."

"ಕಾಗದ ಅವರ ಹೆಸರಲ್ಲಿದೆ ಅತ್ತೆ. ನಾನೇನು ಮಾಡ್ಲಿ? ನೀವಿದ್ದಿದ್ರೆ ಸುಮ್ನೆ ಗಲಾಟೆ ಆಗ್ತಿತ್ತು. ನಿಮಗೂ ವಯಸ್ಸಾಯ್ತು."

ಶನಿವಾರ ಮಧ್ಯಾಹ್ನ ಮನೆಗೆ ಬಂದರೆ ಯಜಮಾನರು ಪೆನ್ನು ತೆಗೆದು ಗೂಡಿನಲ್ಲಿಡುತ್ತಿದ್ದರು. ಆ ದಿನ ಅದು ಜೇಬಿನಲ್ಲೇ ಇತ್ತು. ನಾನು ನೋಡಿದ್ದನ್ನೇ ಅತ್ತೆಯೂ ನೋಡಿದರು.

"ಮಾರಿದ ಕಾಗದಕ್ಕೆ ಸಾಕ್ಷಿ ಯಾರು ಹಾಕಿದ್ದು?"

ಯಜಮಾನರು ಪೇಪರು ಮಡಿಸಿದರು. ಅಂಚಿಗೆ ಅಂಚು ಕೂರಿಸಿ, ಉಗುರಿನಿಂದ ಗೀರಿ, ಬಹಳ ನೀಟಾಗಿ ಮಡಿಸಿದರು.

ಅತ್ತೆ ಗಳ ಕೆಳಗೆ ಹಾಕಿದರು. ಬೀದಿಗೆಲ್ಲ ಕೇಳಿಸುವಂತೆ ನಂಜಪ್ಪನ ವಂಶಕ್ಕೆ ಶಾಪ ಹಾಕಿದರು, ನಮ್ಮ ಯಜಮಾನರ ಓದಿಗೂ ಕೆಲಸಕ್ಕೂ ಪೆನ್ನಿಗೂ ಶಾಪ ಹಾಕಿದರು. ಒಂದೂ ಹೆಚ್ಚೆನ್ನಿಸಲಿಲ್ಲ ನನಗೆ. ಆಮೇಲೆ ಉಸಿರು ತೆಗೆದುಕೊಂಡು ನನ್ನ ಕಡೆ ತಿರುಗಿದರು.

"ನಿಂಗೂ ಗೊತ್ತಿತ್ತೇನೇ?"

ನಾನು ಯಜಮಾನರ ಮುಖ ನೋಡಿದೆ. ಇಲ್ಲ ಅತ್ತೆ, ಅವಳಿಗೆ ಗೊತ್ತಿರಲಿಲ್ಲ ಎನ್ನಬೇಕಾದವರು ಅವರು. ನಾಲ್ಕು ಮಾತು. ಅವರು ಮಡಿಸಿದ ಪೇಪರನ್ನು ಮೊಣಕಾಲಿನ ಮೇಲೆ ಸರಿಯಾಗಿ ಇಟ್ಟುಕೊಂಡರು, ಅಷ್ಟೇ. "ಇಲ್ಲ ಅತ್ತೆ," ಎಂದೆ ನಾನು. ನನ್ನ ದನಿ ನನಗೇ ಕೇಳಿಸಲಿಲ್ಲ. ಗೋಡೆಗೆ ಮುಖ ಮಾಡಿ ನಿಂತು ಕಲಿತ ದನಿ ಅದು, ಅಂಥ ಹೊತ್ತಿಗೆ ಯಾವ ಕೆಲಸಕ್ಕೂ ಬರುವುದಿಲ್ಲ.

"ಎಷ್ಟು ಚೆನ್ನಾಗಿ ಬುತ್ತಿ ಕಟ್ಟಿದ್ದೆ ತಾಯಿ," ಎಂದರು ಅತ್ತೆ.

ಅರ್ಧ ಗಂಟೆಯಲ್ಲಿ ಒಂದು ಗಂಟು ಕಟ್ಟಿಕೊಂಡು ಹಾರನಹಳ್ಳಿಯ ತಂಗಿಯ ಮನೆಗೆ ಹೊರಟರು. ಗಂಟಿಗೆ ಕೈ ಹಾಕಲು ಹೋದೆ, ಬಿಡಲಿಲ್ಲ. ಬೀದಿಯ ಕೊನೆಯವರೆಗೂ ಟಪ್ ಟಪ್ ಕೇಳಿಸಿತು.

ಆಮೇಲೆ ಒಂದು ಸಲ, ಎರಡು ವರ್ಷ ಕಳೆದು, ನಾನೇ ಹಾರನಹಳ್ಳಿಗೆ ಹೋದೆ. ಯಜಮಾನರಿಗೆ ಹೇಳಿ ಹೋಗಲಿಲ್ಲ. ಅತ್ತೆ ಇಳಿದುಹೋಗಿದ್ದರು. ಜಗಲಿಗೆ ಚಾಪೆ ಹಾಸಿ, "ಬನ್ನಿ, ಕೂತ್ಕಳಿ, ಮಜ್ಜಿಗೆ ಕುಡೀತೀರಾ?" ಎಂದರು. ಬನ್ನಿ, ಕುಡೀತೀರಾ. ಬೇರೆಯವರ ಮನೆಯ ಸೊಸೆಯನ್ನು ಮಾತಾಡಿಸುವ ಹಾಗೆ. ನನಗೇನೂ ಗೊತ್ತಿರಲಿಲ್ಲ ಎಂದು ಗಟ್ಟಿಯಾಗಿ ಹೇಳಲೆಂದೇ ಅಷ್ಟು ದೂರ ಹೋಗಿದ್ದೆ. ಹೇಳಿದೆ. "ಹಳೇದೆಲ್ಲ ಯಾಕೆ ಬುಡಿ," ಎಂದು ಅವರು ರಾಗಿ ಪೈರಿನ ಮಾತು ತೆಗೆದರು. ಬೈದಿದ್ದರೆ ಚೆನ್ನಾಗಿತ್ತು. ಆ ವರ್ಷದ ಕೊನೆಗೆ ತೀರಿಹೋದರು, ನಮಗೆ ತಿಳಿದದ್ದು ತಿಥಿ ಮುಗಿದ ಮೇಲೆ.

ಡ್ರಮ್ಮು ನಮ್ಮ ಹಿತ್ತಲಿನಲ್ಲಿದೆ. ಯಜಮಾನರು ಮೂರು ಸಲ ಅದನ್ನು ಗುಜರಿಗೆ ಹಾಕಲು ಹೊರಟರು. ಮೂರು ಸಲವೂ ಆ ದಿನ ನಾನು ಒಲೆ ಹಚ್ಚಲಿಲ್ಲ. ಮೂರು ಸಲವೂ ಸಂಜೆಗೆ ಅವರೇ ಅದನ್ನು ಮತ್ತೆ ಹಿತ್ತಲಿಗೆ ಉರುಳಿಸಿಕೊಂಡು ಬಂದರು. ಅವರು ಕೆಟ್ಟವರಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಸೀರೆ ತಂದಿದ್ದಾರೆ, ಜ್ವರ ಬಂದರೆ ಗಂಜಿ ಕಾಯಿಸಿದ್ದಾರೆ. ಆ ನಾಲ್ಕು ಮಾತು ಮಾತ್ರ ಹೇಳಲಿಲ್ಲ.

ಆ ಸಂಜೆ ಅತ್ತೆ ಹೋದ ಮೇಲೆ ನಾನು ಹೊಸಿಲ ಮೇಲೆಯೇ ಕೂತಿದ್ದೆ. ದೀಪ ಹಚ್ಚಿರಲಿಲ್ಲ. ಎದುರು ಮನೆಯ ಶಾರದಮ್ಮನವರು ಒಂದು ಸಣ್ಣ ಬಟ್ಟಲು ಹಿಡಿದುಕೊಂಡು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಎದ್ದು ಹೋಗಿ ತಂದು ಕೊಟ್ಟೆ. ಅವರು ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಹೊರಟವರು, ಲಾರಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಒಮ್ಮೆ ಆಚೆ ಒಮ್ಮೆ ಈಚೆ ನೋಡಿದರು.

"ಅಬ್ಬ, ಈಗ ನೋಡಿ! ನಿಮ್ಮನೆ ಬಾಗಿಲು ನಮ್ಮನೆಯಿಂದ ನೆಟ್ಟಗೆ ಕಾಣುತ್ತೆ ಕಣ್ರೀ," ಎಂದರು.